ಅಪ್ಪನ ದನಿಯ ಮೂರು ಕಾಪಿ

ಶಿಕಾರಿಪುರ,
೧೮ ನವೆಂಬರ್ ೨೦೨೪, ಸೋಮವಾರ

ಪ್ರೀತಿಯ ಮಧುಶ್ರೀಗೆ,

ಇಲ್ಲಿ ಮೈಗೆ ಎಲ್ಲರೂ ಚೆನ್ನಾಗಿದ್ದೇವೆ. ಮೈಗೆ ಅಂತ ಯಾಕೆ ಬರೆದಳು ಎಂದು ಗಾಬರಿ ಬೀಳಬೇಡ. ಅಪ್ಪ ಹೊತ್ತಿಗೆ ಸರಿಯಾಗಿ ಉಣ್ಣುತ್ತಾನೆ. ಕುತ್ತಿಗೆಯ ತೂತಿಗೆ ಕಟ್ಟುವ ಬಟ್ಟೆಯನ್ನು ಈಗಲೂ ನನ್ನ ಕೈಗೆ ಕೊಡುವುದಿಲ್ಲ, ತಾನೇ ಒಗೆದು ತಂತಿಗೆ ಹರವುತ್ತಾನೆ. ನಿಮ್ಮ ಭಾವ ಮದುವೆ ಸೀಸನ್ನು ಅಂತ ಕ್ಯಾಮೆರಾ ಹೊತ್ತು ಓಡಾಡುತ್ತಿದ್ದಾರೆ. ನನಗೊಬ್ಬಳಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿಲ್ಲ. ಯಾಕೆ ಅಂತ ಹೇಳುವುದಕ್ಕೇ ಈ ಪತ್ರ.

ಫೋನಿನಲ್ಲಿ ಹೇಳಲು ನೋಡಿದೆ. ಮೊನ್ನೆ ಮಾಡಿದ್ದೆನಲ್ಲ, ಅದಕ್ಕೇ ಮಾಡಿದ್ದು. ನೀನು ಹಲೋ ಅಕ್ಕಾ ಅಂದ ತಕ್ಷಣ ನನ್ನ ಬಾಯಿಂದ ಬಂದದ್ದು ಇವತ್ತು ಏನು ಸಾರು ಅಂತ. ಇದನ್ನು ಕೇಳುವುದಕ್ಕೆ ಫೋನು ಮಾಡಿದ್ಯಾ ಅಂತ ನೀನು ನಕ್ಕೆ. ಆಮೇಲೆ ನೀನು ನನ್ನ ಹಾರ್ಡ್‌ಡಿಸ್ಕ್ ಯಾವಾಗ ಕಳಿಸುತ್ತೀ ಅಂದೆ. ಈಗೀಗ ಅಪ್ಪನ ಮಾತು ಕೇಳಬೇಕು ಅನ್ನಿಸುತ್ತದೆ ಅಂತಲೂ ಅಂದೆ. ನಾನು ಸಣ್ಣ ರಿಪೇರಿ ಇದೆ, ಮುಂದಿನ ವಾರ ಬಸ್ಸಿಗೆ ಹಾಕುತ್ತೇನೆ ಅಂತ ಹೇಳಿ ಇಟ್ಟುಬಿಟ್ಟೆ. ಅದು ಸುಳ್ಳು ಮಧು. ಅದು ಸುಟ್ಟು ಹೋಗಿದೆ. ನಿನ್ನದೊಂದೇ ಅಲ್ಲ, ಮೂರೂ ಹೋಗಿವೆ. ಅಪ್ಪನ ದನಿ ಎಲ್ಲೆಲ್ಲಿ ಇಟ್ಟಿದ್ದೆವೋ ಅಲ್ಲೆಲ್ಲ ಹೋಯಿತು.

ಬರೆದುಬಿಟ್ಟೆ. ಈಗ ಕೈ ಸ್ವಲ್ಪ ಹಗುರ. ನಿಧಾನಕ್ಕೆ ಹೇಳುತ್ತೇನೆ, ನೀನೂ ನಿಧಾನಕ್ಕೆ ಓದು. ಅಕ್ಷರ ತಪ್ಪಿದ್ದರೆ ಸರಿ ಮಾಡಿಕೋ. ನೀನು ಹಾಸ್ಟೆಲ್ಲಿನಲ್ಲಿ ಇದ್ದು ಓದಿದವಳು. ನಂದು ಅಪ್ಪನ ಕುರಿಮಂದೆ ಹೋದಲ್ಲೆಲ್ಲ ಒಂದು ಶಾಲೆ, ಎಂಟನೇ ಕ್ಲಾಸಿಗೆ ಅದೂ ಇಲ್ಲ.

ನನ್ನ ಸ್ವಭಾವ ನಿನಗೆ ಗೊತ್ತು. ಗ್ಯಾಸ್ ಆರಿಸಿದ್ದೇನಾ ಅಂತ ಬಸ್‌ಸ್ಟ್ಯಾಂಡಿನಿಂದ ವಾಪಸ್ ಬಂದವಳು ನಾನು. ಶಿವಮೊಗ್ಗದ ಡಾಕ್ಟರು ಗಂಟಲಿನ ಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಮಾತು ಇರುವುದಿಲ್ಲ ಅಂದಾಗ ನೀನು ಅತ್ತೆ. ನಾನು ಅಳಲಿಲ್ಲ, ಫೋನು ತೆಗೆದು ರೆಕಾರ್ಡಿಂಗ್ ಶುರು ಮಾಡಿದೆ. ಅಪ್ಪನಿಗೆ ಓದು ಬರಹ ಇಲ್ಲ, ದನಿ ಹೋದ ಮೇಲೆ ಚೀಟಿ ಬರೆದು ತೋರಿಸುವ ಹಾಗೂ ಇಲ್ಲ. ಅದಕ್ಕೇ ಸಿಕ್ಕಿದ್ದನ್ನೆಲ್ಲ ಹಿಡಿದೆ. ನಿನ್ನನ್ನು ಕರೆಯುವುದು, ನನ್ನನ್ನು ಕರೆಯುವುದು, ಅವ್ವನನ್ನು ಹೆಣ್ಣು ನೋಡಲು ಹೋದಾಗ ಅವಳು ಬಾಗಿಲ ಹಿಂದಿನಿಂದ ಬರಲೇ ಇಲ್ಲ ಅನ್ನುವ ಕಥೆ, ಬಂದಳಿಕೆಯ ಗುಡಿಯಲ್ಲಿ ಕುರಿ ಸಮೇತ ಮಳೆಗೆ ಸಿಕ್ಕಿಕೊಂಡು ರಾತ್ರಿ ಕಳೆದದ್ದು, ಬೈಗುಳ, ಕೆಮ್ಮು ಕೂಡ.

ಹಿಡಿದದ್ದಾಯಿತು, ಎಲ್ಲಿ ಇಡುವುದು? ಅಪ್ಪ ಯಾವತ್ತೂ ಇದ್ದ ಕುರಿಯನ್ನೆಲ್ಲ ಒಂದೇ ಹಟ್ಟಿಯಲ್ಲಿ ಇಟ್ಟವನಲ್ಲ. ನಾಲ್ಕು ಮಾವನ ಮಂದೆಯಲ್ಲಿ, ನಾಲ್ಕು ಇನ್ಯಾರದೋ ಜೊತೆ ಪಾಲಿಗೆ, ಸಾಕಿದವರಿಗೆ ಮರಿಯಲ್ಲಿ ಪಾಲು. ಜಡ್ಡು ಬಂದರೆ ಒಂದು ಹಟ್ಟಿ ಹೋದೀತು, ಬೀಜಕ್ಕೆ ಎಲ್ಲೋ ಉಳಿದಿರುತ್ತವೆ ಅನ್ನುತ್ತಿದ್ದ. ನಾನು ಅದನ್ನೇ ಮಾಡಿದೆ. ಒಂದು ನಮ್ಮ ಫೋಟೋ ಸ್ಟುಡಿಯೋ ಕಂಪ್ಯೂಟರಿನಲ್ಲಿ, ಒಂದು ಹಾರ್ಡ್‌ಡಿಸ್ಕ್‌ನಲ್ಲಿ ಹಾಕಿ ಮನೆಯ ಬೀರುವಿನಲ್ಲಿ, ಇನ್ನೊಂದು ಸೊರಬಕ್ಕೆ ನಿನ್ನ ಹತ್ತಿರ. ಇಲ್ಲಿ ಕಳ್ಳತನ ಆಗಲಿ, ಬೆಂಕಿ ಬೀಳಲಿ, ಸೊರಬದ್ದು ಇರುತ್ತದೆ ಅಂತ ನನಗೆ ಧೈರ್ಯ. ನಿಮ್ಮ ಭಾವ ಇಂಟರ್ನೆಟ್ಟಿಗೂ ಒಂದು ಹಾಕಿಡೋಣ ಅಂದರು. ಅಪ್ಪನ ಮಾತನ್ನು ಕಣ್ಣಿಗೆ ಕಾಣದವರ ಮನೆಯಲ್ಲಿ ಇಡುವುದಾ, ಯಾರು ಕೇಳುತ್ತಾರೋ, ಪಾಸ್‌ವರ್ಡ್ ಮರೆತರೆ ಏನು ಗತಿ ಅಂತ ನಾನೇ ಬೇಡ ಅಂದೆ. ನಿನಗೆ ವಾಟ್ಸಾಪಿನಲ್ಲಿ ಕಳಿಸಿದ್ದನ್ನೂ ಯಾರಿಗಾದರೂ ಹೋಗಿಬಿಟ್ಟೀತು ಅಂತ ಎದುರಿಗೆ ಕೂರಿಸಿಕೊಂಡು ಅಳಿಸಿ ಹಾಕಿಸಿದೆ. ನನ್ನ ಫೋನಿನಲ್ಲಿ ಇದ್ದದ್ದನ್ನು, ಮೂರು ಕಡೆ ಇದೆಯಲ್ಲ, ಜಾಗ ಸಾಲುತ್ತಿಲ್ಲ ಅಂತ ತೆಗೆದೆ. ಎಲ್ಲೆಲ್ಲಿ ಇದೆ ಅಂತ ನನಗೆ ಗೊತ್ತಿರಬೇಕು, ಅಷ್ಟೇ. ಗೊತ್ತಿಲ್ಲದ ಕಡೆ ಇದ್ದರೆ ನಿದ್ದೆ ಬರುತ್ತಿರಲಿಲ್ಲ.

ಈಗ ಆಯುಧ ಪೂಜೆಯ ವಿಷಯ. ನಿನ್ನ ಡಿಸ್ಕನ್ನು ಬಸ್ಸಿಗೆ ಹಾಕಿಸಿಕೊಂಡಾಗ ಹೊಸದೇನೋ ತುಂಬಬೇಕು ಅಂತ ಹೇಳಿದ್ದೆ. ತುಂಬಲು ಹೊಸದು ಏನಿತ್ತು? ಅಪ್ಪ ಹೊಸದಾಗಿ ಏನು ಮಾತಾಡಿದ? ನೀನೂ ಕೇಳಲಿಲ್ಲ, ಗಂಡನನ್ನು ಓಡಿಸಿದೆ, ಪಾಪ ಸುರೇಶ ಮಳೆಯಲ್ಲಿ ಹೋಗಿ ಬಸ್ಸಿಗೆ ಕೊಟ್ಟು ಬಂದ. ನಿಜ ಏನೆಂದರೆ, ಹೋದ ವರ್ಷ ಕ್ಯಾಮೆರಾ, ಲೈಟು, ಪ್ರಿಂಟರು, ಬೈಕು, ಎಲ್ಲಕ್ಕೂ ಕುಂಕುಮ ಹಚ್ಚಿದೆವು. ಬೀರುವಿನದಕ್ಕೂ ಹಚ್ಚಿದೆ. ಸೊರಬದಲ್ಲಿ ಇದ್ದದ್ದಕ್ಕೆ ಇಲ್ಲ. ಒಂದಕ್ಕೆ ಇಟ್ಟು ಒಂದನ್ನು ಬಿಟ್ಟೆನಲ್ಲ ಅಂತ ವರ್ಷವೆಲ್ಲ ಮನಸ್ಸಿನಲ್ಲಿ ಕೊರೆಯುತ್ತಿತ್ತು. ನಿನಗೇ ಹಚ್ಚು ಅನ್ನಬಹುದಿತ್ತು. ನೀನು ಮರೆತರೆ? ಅದಕ್ಕೆ ಇಲ್ಲಿಗೇ ತರಿಸಿಕೊಂಡೆ.

ಮಣೆಯ ಮೇಲೆ ಎರಡೂ ಡಿಸ್ಕ್ ಅಕ್ಕಪಕ್ಕ ಇಟ್ಟು, ಚೆಂಡುಹೂ ಏರಿಸಿ, ಕಾಯಿ ಒಡೆದೆವು. ಪೂಜೆ ಆದ ಮೇಲೆ ಮಿಷನ್ನನ್ನು ಒಂದು ಸಲ ಓಡಿಸಬೇಕಲ್ಲ. ನಿಮ್ಮ ಭಾವ ಬೈಕು ಸ್ಟಾರ್ಟ್ ಮಾಡಿದರು, ಪ್ರಿಂಟರಿನಲ್ಲಿ ಒಂದು ಫೋಟೋ ತೆಗೆದರು. ಇವೂ ಓಡಲಿ ಅಂತ ನಾನು ಎರಡನ್ನೂ ಒಟ್ಟಿಗೆ ಕಂಪ್ಯೂಟರಿಗೆ ಚುಚ್ಚಿದೆ. ಹೊರಗೆ ಗುಡುಗುತ್ತಿತ್ತು. ಕರೆಂಟು ಹೋಯಿತು, ಬಂತು. ಬಂದದ್ದು ಜೋರಾಗಿ ಬಂತು. ಟ್ಯೂಬ್‌ಲೈಟು ಬೆಳ್ಳಗೆ ಉರಿದು ಪಟ್ ಅಂತು, ಸುಟ್ಟ ವಾಸನೆ ಬಂತು. ಯುಪಿಎಸ್ ಇತ್ತಲ್ಲ ಅನ್ನುತ್ತೀಯ. ಅದರ ಬ್ಯಾಟರಿ ಸತ್ತು ಎಷ್ಟೋ ದಿನವಾಗಿತ್ತು. ಅದಕ್ಕೂ ಕುಂಕುಮ ಹಚ್ಚಿದ್ದೆವು, ಬ್ಯಾಟರಿ ಹಾಕಿಸಿರಲಿಲ್ಲ.

ಅಲ್ಲಿಗಾದರೂ ನಾನು ಸುಮ್ಮನೆ ಇದ್ದಿದ್ದರೆ. ನಿಮ್ಮ ಭಾವ ಮುಟ್ಟಬೇಡ, ಗೊತ್ತಿದ್ದವರಿಗೆ ತೋರಿಸೋಣ ಅಂದು ಆರ್ಡರಿಗೆ ಹೋದರು. ನನಗೆ ತಡೆಯಲಿಲ್ಲ. ಒಂದು ಡಿಸ್ಕನ್ನು ಪಕ್ಕದ ಅಂಗಡಿಯ ಕಂಪ್ಯೂಟರಿಗೆ ಹಾಕಿ ನೋಡಿದೆ. ಒಳಗೆ ಟಿಕ್ ಟಿಕ್ ಅನ್ನುತ್ತಿತ್ತು. ತೆಗೆದು ಮತ್ತೆ ಹಾಕಿದೆ. ಒಂದಕ್ಕೆ ಹಾಗಾದರೆ ಇನ್ನೊಂದು ಹೇಗಿದೆಯೋ ಅಂತ ಅದನ್ನೂ ಹಾಗೇ ಮಾಡಿದೆ. ಶಿವಮೊಗ್ಗದ ರಿಪೇರಿಯವರು ಬಿಚ್ಚಿ ನೋಡಿ, ಕರೆಂಟಿನಿಂದ ಹೋದದ್ದು ಅರ್ಧ, ಮೇಲಿಂದ ಮೇಲೆ ಓಡಿಸಿ ಒಳಗಿನ ತಟ್ಟೆ ಗೀಚಿದ್ದು ಅರ್ಧ ಅಂದರಂತೆ. ಕಂಪ್ಯೂಟರಿನೊಳಗಿನದನ್ನು ಬೆಂಗಳೂರಿಗೆ ಕಳಿಸಿ ನೋಡಿದರು. ಅದೂ ಆಗುವುದಿಲ್ಲ ಅಂತ ವಾಪಸ್ ಬಂತು. ನಿಮ್ಮ ಭಾವ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಇನ್ನೊಂದು ಹೇಳಲೇಬೇಕು, ಹೇಳದಿದ್ದರೆ ಈ ಪತ್ರ ಬರೆದು ಉಪಯೋಗವಿಲ್ಲ. ಸತ್ತ ಡಿಸ್ಕನ್ನು ಮೊದಲಿನ ಹಾಗೇ ಬಟ್ಟೆ ಸುತ್ತಿ, ಟೇಪು ಅಂಟಿಸಿ, ನಿನ್ನ ಹೆಸರು ಬರೆದು, ಸೊರಬದ ಬಸ್ಸಿನ ಕಂಡಕ್ಟರಿಗೆ ಕೊಟ್ಟುಬಿಟ್ಟಿದ್ದೆ. ನಿನ್ನ ಹತ್ತಿರ ಕಂಪ್ಯೂಟರ್ ಇಲ್ಲ. ಸೀರೆ ಮಡಿಕೆಯ ಕೆಳಗೆ ಇಟ್ಟರೆ ವರ್ಷಗಟ್ಟಲೆ ತೆಗೆಯುವುದಿಲ್ಲ. ತೆಗೆಯದೇ ಇಟ್ಟಿರುವುದರ ಒಳಗೆ ದನಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಅಂತ ಯೋಚಿಸಿದೆ. ಇದೆ ಅಂದುಕೊಂಡಿರುತ್ತೀ, ಅದೇ ನಿನಗೆ ಸಮಾಧಾನ. ಬಸ್ಸು ಸ್ಟಾರ್ಟ್ ಆದಾಗ ಮೊನ್ನೆ ಫೋನಿನಲ್ಲಿ ನೀನು ಅಂದದ್ದು ನೆನಪಾಯಿತು, ಕೇಳಬೇಕು ಅನ್ನಿಸುತ್ತದೆ ಅಂದದ್ದು. ಓಡಿಹೋಗಿ ಇಸಕೊಂಡೆ. ಕಂಡಕ್ಟರು ಏನಮ್ಮಾ ಒಳಗೆ ಚಿನ್ನ ಇದೆಯಾ ಅಂತ ತಮಾಷೆ ಮಾಡಿದ.

ಅಪ್ಪನಿಗೂ ಸುಳ್ಳೇ ಹೇಳಿದ್ದೆ. ಸಂಜೆ ಸ್ಟುಡಿಯೋಗೆ ಬಂದು ಸ್ಟೂಲಿನ ಮೇಲೆ ಕೂತು, ಗಂಟಲಿನ ಹತ್ತಿರ ಬೆರಳಿಟ್ಟು ಆಮೇಲೆ ಕಂಪ್ಯೂಟರ್ ತೋರಿಸುತ್ತಾನೆ, ಹಾಕು ಅಂತ. ಪೂಜೆ ಆದ ಮೇಲೆ ಬಂದಾಗಲೆಲ್ಲ ರಿಪೇರಿಗೆ ಹೋಗಿದೆ ಅಂತ ಸಾಗಹಾಕಿದೆ. ಬಸ್ಸಿನಿಂದ ಪೊಟ್ಟಣ ಇಸಕೊಂಡು ಬಂದ ದಿನ ಅವನು ಅಲ್ಲೇ ಕೂತಿದ್ದ. ನನ್ನ ಕೈಯಲ್ಲಿದ್ದದ್ದನ್ನು ನೋಡಿದ, ನನ್ನ ಮುಖ ನೋಡಿದ. ಸುಟ್ಟೋತಾ ಅಂತ ತುಟಿಯಲ್ಲಿ ಅಂದ. ನಾನು ಹೂಂ ಅಂದೆ. ಎಲ್ಲಾನೂ ಅಂತ ಕೈ ಆಡಿಸಿ ಕೇಳಿದ. ಅದಕ್ಕೂ ಹೂಂ ಅಂದೆ. ಎದ್ದು ಮನೆಗೆ ಹೋದ.

ಮಾರನೆಯ ದಿನ ಬೆಳಿಗ್ಗೆ ನೋಡಿದರೆ ಕಂಬಳಿ ಹೆಗಲಿಗೆ ಹಾಕಿ, ಕೈಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಾನೆ. ಸಿಟ್ಟಾಗಿ ನಿನ್ನ ಮನೆಗೆ ಹೊರಟ ಅಂದುಕೊಂಡೆ. ಎಲ್ಲಿಗೆ ಅಂದರೆ ಸೊರಬದ ದಿಕ್ಕಿಗೆ ಕೈ ತೋರಿಸಿದ. ನಾನೂ ಜೊತೆಗೆ ಹೊರಟೆ. ದಾರಿಯುದ್ದಕ್ಕೂ ನಿನ್ನ ಎದುರಿಗೆ ಏನು ಹೇಳುವುದು ಅಂತ ಲೆಕ್ಕ ಹಾಕುತ್ತಾ ಕೂತಿದ್ದೆ. ಶಿರಾಳಕೊಪ್ಪ ಬಂದದ್ದೂ ಗೊತ್ತಾಗಲಿಲ್ಲ. ಸೊರಬದಲ್ಲಿ ಇಳಿದು ನಿನ್ನ ಮನೆಯ ಕಡೆ ತಿರುಗಿದರೆ, ಅಪ್ಪ ಸೆರಗು ಹಿಡಿದು ಎಳೆದು ಚಂದ್ರಗುತ್ತಿಯ ಬಸ್ಸು ತೋರಿಸಿದ.

ಹೌದು ಮಧು, ನಿನ್ನ ಊರಿಗೆ ಬಂದು ನಿನ್ನನ್ನು ನೋಡದೆ ಹೋದೆವು. ಬಸ್‌ಸ್ಟ್ಯಾಂಡಿನಲ್ಲಿ ಅಪ್ಪನನ್ನು ಕಂಡೆ ಅಂತ ಯಾರಾದರೂ ಹೇಳಿದರೆ ಅದು ನಿಜ. ನನಗೆ ಆಗ ಬದುಕಿದೆ ಅನ್ನಿಸಿತು, ಅದನ್ನೂ ಮುಚ್ಚಿಡುವುದಿಲ್ಲ.

ಚಂದ್ರಗುತ್ತಿಗೆ ಯಾಕೆ ಅಂತ ಬಸ್ಸು ಇಳಿದ ಮೇಲೂ ನನಗೆ ತಿಳಿದಿರಲಿಲ್ಲ. ಅಪ್ಪ ಗುಡ್ಡ ಎಡಕ್ಕೆ ಬಿಟ್ಟು ಗದ್ದೆಯ ಬದುವಿನ ಮೇಲೆ ಸರಸರ ನಡೆದ, ನಾನು ಚಪ್ಪಲಿ ಕೈಯಲ್ಲಿ ಹಿಡಿದು ಹಿಂದೆ. ಕೊಯ್ದ ಗದ್ದೆಯಲ್ಲಿ ಒಂದು ಕುರಿಮಂದೆ ಮೇಯುತ್ತಿತ್ತು, ಈ ದಿನಗಳಲ್ಲಿ ಮಂದೆ ಎಲ್ಲಿ ಇಳಿಯುತ್ತದೆ ಅಂತ ಅಪ್ಪನಿಗೆ ಗೊತ್ತಿತ್ತು. ಅದರ ಹತ್ತಿರ ಕೋಲು ಊರಿ ನಿಂತಿದ್ದವನು ಕೆಂಪಪ್ಪ. ಅಪ್ಪನ ಆಪರೇಷನ್ನಿಗೆ ಮೊದಲು ಅಂಜನಾಪುರದ ಹಟ್ಟಿಗೇ ಬಂದು ನಮ್ಮ ಕುರಿಗಳನ್ನೆಲ್ಲ ಕೊಂಡುಕೊಂಡನಲ್ಲ, ಅವನೇ. ಅಪ್ಪನನ್ನು ನೋಡಿ ಕಾಲಿಗೆ ಬಿದ್ದ. ಅಪ್ಪ ಅವನ ಅಂಗಿಯ ಜೇಬನ್ನು ಬೆರಳಿನಲ್ಲಿ ತಟ್ಟಿದ. ಕೆಂಪಪ್ಪ ನಕ್ಕು ನನ್ನ ಕಡೆ ತಿರುಗಿದ.

"ನಿಮ್ಮಪ್ಪನ ದನಿ ಇಲ್ದಿದ್ರೆ ಇವು ನನ್ನ ಕ್ಯಾರೇ ಅನ್ನಲ್ಲ ಕಣವ್ವ. ಕೊಂಡ್ಕೊಂಡಿದ್ದು ನಾನು, ಮಾತು ಕೇಳಾದು ಅವರ್ದು."

ಆಗ ನೆನಪಾಯಿತು ನೋಡು. ಕುರಿ ಕೊಟ್ಟ ದಿನ, ಹೊಸಬನ ಕೂಗಿಗೆ ಇವು ಬರುವುದಿಲ್ಲ ಅಂತ ಅಪ್ಪ ಹಟ್ಟಿಯ ಬಾಯಲ್ಲಿ ನಿಂತು ಸಂಜೆ ಕರೆಯುವ ಕೂಗನ್ನು ಕೆಂಪಪ್ಪನ ಫೋನಿಗೆ ಹಾಕಿಸಿ ಕೊಟ್ಟಿದ್ದ. ಫೋನು ಹಿಡಿದುಕೊಂಡವಳು ನಾನೇ. ಅದು ಕುರಿಗಳಿಗಾಗಿ ಮಾಡಿದ್ದು ಅಂತ ನನ್ನ ಮೂರರ ಲೆಕ್ಕಕ್ಕೆ ಅದು ಬಂದೇ ಇರಲಿಲ್ಲ. ಅಪ್ಪನ ಲೆಕ್ಕಕ್ಕೆ ಬಂದಿತ್ತು.

ಕೆಂಪಪ್ಪ ಕೋಲಿನ ತುದಿಗೆ ಸಣ್ಣ ಸ್ಪೀಕರ್ ಒಂದನ್ನು ದಾರದಲ್ಲಿ ಕಟ್ಟಿಕೊಂಡಿದ್ದಾನೆ. ಹೊತ್ತು ಇಳಿಯುತ್ತಾ ಬಂದಿತ್ತು, ಹೆಂಗಿದ್ರೂ ಕರಿಯಾ ಹೊತ್ತಾತು ಅಂತ ಫೋನು ಒತ್ತಿದ. ಮಧು, ಅಪ್ಪನ ದನಿ ಆ ಬಯಲಿನಲ್ಲಿ ಬಂತು. ನಾಲಗೆ ಮಡಿಚಿ ಟುರ್ರ್ ಅನ್ನುವುದು, ಆಮೇಲೆ ಆ ಉದ್ದನೆಯ ಹೋಯ್. ಕೋಣೆಯೊಳಗೆ ಕಂಪ್ಯೂಟರಿನಲ್ಲಿ ಕೇಳಿದ ಹಾಗಲ್ಲ ಅದು. ಮೇಯುತ್ತಿದ್ದ ಕುರಿಗಳು ಒಂದೇ ಸಲ ತಲೆ ಎತ್ತಿದವು. ದೂರದಲ್ಲಿ ಇದ್ದವು ಓಡಿ ಬಂದವು. ಅಪ್ಪ ಎದುರಿಗೇ ನಿಂತಿದ್ದ. ಒಂದೂ ಅವನ ಕಡೆ ತಿರುಗಲಿಲ್ಲ. ಅವನ ಎರಡೂ ಪಕ್ಕದಿಂದ ಹಾಯ್ದು, ಕೋಲಿನ ತುದಿಯ ಸ್ಪೀಕರಿನ ಸುತ್ತ ಹೋಗಿ ನಿಂತವು.

ನನಗೆ ಅಪ್ಪನ ಮುಖ ನೋಡಲು ಹೆದರಿಕೆ. ನೋಡಿದರೆ ನಗುತ್ತಿದ್ದಾನೆ. ದನಿ ಇಲ್ಲದ ನಗು ನಿನಗೆ ಗೊತ್ತಲ್ಲ, ಹೆಗಲು ಮಾತ್ರ ಕುಣಿಯುತ್ತದೆ. ಅಷ್ಟು ನಕ್ಕದ್ದನ್ನು ಆಪರೇಷನ್ ಆದ ಮೇಲೆ ನಾನು ಕಂಡಿರಲಿಲ್ಲ. ಮರಿಗಳನ್ನು ತೋರಿಸಿ ಕೆಂಪಪ್ಪನನ್ನು ಸನ್ನೆಯಲ್ಲಿ ಏನೋ ಕೇಳಿದ. ಅವೆಲ್ಲ ತನ್ನಲ್ಲೇ ಹುಟ್ಟಿದವು, ಅಪ್ಪನನ್ನು ಕಣ್ಣಲ್ಲಿ ಕಂಡವಲ್ಲ, ಆದರೂ ಅವಕ್ಕೂ ಇದೇ ಕೂಗು ಬೇಕು ಅಂದ ಕೆಂಪಪ್ಪ.

ಆ ಕೂಗು ಇನ್ನೂ ಹೇಗೆ ಉಳಿದಿದೆ ಅಂತ ಕೇಳಿದೆ. ಆ ಹಳೆ ಫೋನು ಕೆರೆಗೆ ಬಿದ್ದು ಹಾಳಾಯಿತಂತೆ. ಅಷ್ಟರಲ್ಲಿ ಅವನ ತಮ್ಮನಿಗೆ ಕಳಿಸಿದ್ದನಂತೆ, ತಮ್ಮ ಕುರಿ ಕಾಯುವ ಆಳುಗಳಿಗೆ ಕಳಿಸಿದ್ದ. ಪಾಲಿಗೆ ಕುರಿ ತೆಗೆದುಕೊಂಡವರ ಮನೆಗೆ ಕುರಿ ಜೊತೆಗೆ ಕೂಗೂ ಹೋಗಿದೆ. ಈಗ ಯಾರ್ಯಾರ ಹತ್ತಿರ ಇದೆ ಅಂತ ಪಟ್ಟು ಹಿಡಿದು ಕೇಳಿದೆ, ನನ್ನ ಬುದ್ಧಿ ಬಿಡಬೇಕಲ್ಲ.

"ಅದ್ನ ಯಾರ್ ಇಟ್ಕಂಡಾರೆ ಅಂತ ಯಾರ್ ನೋಡ್ತಾ ಕೂರ್ತಾರವ್ವ? ಸಂಜಿ ಮುಂದೆ ಕೂಗು ಕೇಳಿದ್ರೆ ಐತೆ ಅಂತ ಲೆಕ್ಕ."

ಬರುವಾಗ ಬಸ್ಸಿನಲ್ಲಿ ಈ ಮಾತೇ ತಲೆಯಲ್ಲಿ. ನಾನು ಜೋಪಾನ ಮಾಡಿದ್ದೆಲ್ಲ ಹೋಯಿತು. ಎಲ್ಲಿದೆ ಅಂತ ನನಗೆ ಗೊತ್ತಿದ್ದದ್ದರಿಂದಲೇ ಎಲ್ಲವನ್ನೂ ಒಂದೇ ಮಣೆಯ ಮೇಲೆ ತಂದು ಕೂರಿಸಲು ಆಯಿತು. ಇದು ಎಷ್ಟು ಕಡೆ ಇದೆ ಅಂತ ನನಗೆ ಗೊತ್ತಿಲ್ಲ, ಯಾವ ಹಬ್ಬಕ್ಕೂ ಒಟ್ಟು ಮಾಡಲು ನನ್ನಿಂದ ಸಾಧ್ಯವಿಲ್ಲ. ಹೆದರಿಕೆ ಆಗಬೇಕಿತ್ತು. ಆಗಲಿಲ್ಲ, ಸೀಟಿಗೆ ಒರಗಿ ನಿದ್ದೆ ಮಾಡಿದೆ.

ಆದರೆ ನಿನಗೆ ಸುಳ್ಳು ಸಮಾಧಾನ ಹೇಳುವುದಿಲ್ಲ. ಸಿಕ್ಕಿದ್ದು ಅದೊಂದೇ. ಅವ್ವ ಬಾಗಿಲ ಹಿಂದೆ ನಿಂತ ಕಥೆ ಹೋಯಿತು. ಬಂದಳಿಕೆಯ ಮಳೆ ಹೋಯಿತು. ಅವನ್ನು ಅಪ್ಪನ ಬಾಯಲ್ಲಿ ಇನ್ನು ಯಾರೂ ಕೇಳುವ ಹಾಗಿಲ್ಲ. ನೀನು ಒಂದು ಸಲ ಕೇಳಿದ್ದು, ನಾನು ದಿನಾ ಕೇಳಿದ್ದು, ನಮ್ಮಿಬ್ಬರ ತಲೆಯಲ್ಲಿ ಎಷ್ಟು ಇದೆಯೋ ಅಷ್ಟೇ. ನೀನು ಬಂದಾಗ ಇಬ್ಬರೂ ಕೂತು ಹೇಳಿಕೊಳ್ಳೋಣ, ಅಪ್ಪ ಎದುರಿಗೆ ಇದ್ದಾನಲ್ಲ, ತಪ್ಪಿದರೆ ತಲೆ ಆಡಿಸುತ್ತಾನೆ.

ಕೆಂಪಪ್ಪನ ಫೋನಿನಿಂದ ಇಸಕೊಂಡ ಕೂಗನ್ನು ಪೆನ್‌ಡ್ರೈವಿಗೆ ಹಾಕಿ ಇದರ ಜೊತೆ ಕಳಿಸಿದ್ದೇನೆ, ನಿನ್ನ ಫೋನಿಗೂ ಕಳಿಸುತ್ತೇನೆ. ನಿಮ್ಮ ಭಾವ ಇಂಟರ್ನೆಟ್ಟಿಗೂ ಹಾಕಿದ್ದಾರೆ, ಈ ಸಲ ನಾನು ತಕರಾರು ಮಾಡಲಿಲ್ಲ. ಅಳಿಸು ಅಂತ ನಾನು ಹೇಳಿದರೂ ಅಳಿಸಬೇಡ. ಪೂಜೆಗೆ ಕಳಿಸು ಅಂತ ಕೇಳಿದರೂ ಕಳಿಸಬೇಡ, ಕೇಳಿಯೇ ಕೇಳುತ್ತೇನೆ. ಸುರೇಶನ ಅಂಗಡಿಯವರಿಗೆ, ಯಾರಿಗೆ ಬೇಕಾದರೂ ಕೊಡು.

ಬೈಯುವುದಾದರೆ ಫೋನಿನಲ್ಲಿ ಬೈಯಬೇಡ, ಬಂದು ಬೈ. ಉತ್ತರ ಬರುವವರೆಗೆ ನನಗೆ ಇನ್ನೊಂದು ಚಿಂತೆ ಇದ್ದೇ ಇರುತ್ತದೆ, ಈ ಪೊಟ್ಟಣ ನಿನಗೆ ಮುಟ್ಟಿತೋ ಇಲ್ಲವೋ ಅಂತ.

ನಿನ್ನ ಅಕ್ಕ,
ಜ್ಯೋತಿಲಕ್ಷ್ಮಿ

ಕವರು ಅಂಟಿಸುವ ಮೊದಲು ಇನ್ನೊಂದು ಮಾತು. ಇದನ್ನು ಬರೆಯಬಾರದು ಅಂತಲೇ ಇದ್ದೆ. ಕೂಗು ಮುಗಿದ ಮೇಲೆ ರೆಕಾರ್ಡಿಂಗ್ ನಿಲ್ಲಿಸುವ ಮುಂಚೆ ಅಪ್ಪ ಒಂದು ಮಾತು ಆಡಿದ್ದಾನೆ. "ಆತೇನ್ ಮಧೂ? ಸಾಕು, ಆರ್ಸು" ಅಂತ. ಆ ದಿನ ನೀನು ಸೊರಬದಲ್ಲಿ ಇದ್ದೆ, ಎದುರಿಗೆ ನಿಂತಿದ್ದವಳು ನಾನು. ನನ್ನನ್ನು ಜ್ಯೋತಿ ಅಂತ ಕರೆದದ್ದು ಯಾವುದೂ ಈಗ ಇಲ್ಲ, ಇರುವುದು ಇದೊಂದೇ, ಇದರಲ್ಲಿ ನಿನ್ನ ಹೆಸರಿದೆ. ಕೊನೆಯನ್ನು ಕತ್ತರಿಸಿ ಕೊಡಲಾ ಅಂತ ನಿಮ್ಮ ಭಾವ ಮೆಲ್ಲಗೆ ಕೇಳಿದರು. ಒಂದು ದಿನ ಪೂರ್ತಿ ಯೋಚನೆ ಮಾಡಿ ಬೇಡ ಅಂದೆ. ಅದರ ಹಿಂದೆಯೇ ಸಣ್ಣಗೆ ಒಂದು ದನಿ ಕೇಳುತ್ತದೆ, ಕಿವಿಗೆ ಹತ್ತಿರ ಹಿಡಿದರೆ ಮಾತ್ರ. ಹೂಂ ಅಪ್ಪಾ ಅಂತ. ಅದು ನಾನು.